ಬೋರ್ಡು ಕಾಣದವನಿಗೆ ಬರೆಯುವ ಕೈಪಿಡಿ

(ಮಾತನಾಡುವವರು ಇಬ್ಬರು. ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮೊದಲು ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಆಮೇಲೆ ಅಂಧೇರಿಯ ಎಂಐಡಿಸಿಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳ ರಿಪೇರಿ ಮಾಡಿ ನಿವೃತ್ತರಾದ ಸೋದರಮಾವ. ಪವಾಯಿಯ ಸಣ್ಣ ಕಂಪನಿಯೊಂದರಲ್ಲಿ ಫರ್ಮ್‌ವೇರ್ ಬರೆಯುವ ಸೋದರಸೊಸೆ. ಮಾತು ನಡೆದದ್ದು ಡೊಂಬಿವಲಿಯಲ್ಲಿ, ಮಾವನ ರಿಪೇರಿ ಮೇಜಿನ ಎದುರು.)

ಮಾವ: ಎಐ ಏಜೆಂಟಿಗೆ ಅಂತ ನೀನು ಕೂತು ಬರೆಯುವುದು ಎಂತ ಅಂತ ನನಗೆ ಇನ್ನೂ ತಲೆಗೆ ಹೋಗಲಿಲ್ಲ ನೋಡು. ಡಿಬಗರ್ ಜಿಡಿಬಿಗೆ ದಪ್ಪ ಮ್ಯಾನ್ಯುಯಲ್ ಉಂಟು, ಅದನ್ನು ಬೋರ್ಡಿಗೆ ಸೇರಿಸುವ ಓಪನ್‌ಓಸಿಡಿಗೂ ಉಂಟು. ಎರಡನ್ನೂ ಆ ಎಐ ಓದಿಯಾಗಿದೆ ಅಂತ ನೀನೇ ಹೇಳ್ತೀ. ಓದಿದವನಿಗೆ ಮತ್ತೆ ಎಂತ ಬರೆದು ಕೊಡುವುದು?

ಸೊಸೆ: ಓದಿದ್ದೇ ಹೆಚ್ಚಾಗಿದೆ ಮಾವ. ಹಳೆಯದು, ಹೊಸದು, ಬೇರೆ ಬೇರೆ ಕಂಪನಿಯದು, ಯಾರೋ ಅರ್ಧ ಬರೆದು ಬಿಟ್ಟದ್ದು, ಎಲ್ಲ ಒಟ್ಟಿಗೆ ತಲೆಯಲ್ಲಿದೆ. ಓಪನ್‌ಓಸಿಡಿಯಲ್ಲಿ ತಂತಿಯ ಮೇಲಿನ ವೇಗ ಇಡುವ ಕಮಾಂಡಿಗೆ ಮೊದಲು ಒಂದು ಹೆಸರಿತ್ತು, 2021ರ 0.11 ಆವೃತ್ತಿಯಲ್ಲಿ ಇನ್ನೊಂದಾಯಿತು. ಏಜೆಂಟಿಗೆ ಎರಡೂ ಗೊತ್ತು. ನಮ್ಮ ಮೇಜಿನ ಮೇಲಿರುವುದು ಯಾವುದು ಅಂತ ಗೊತ್ತಿಲ್ಲ. ಪೋರ್ಟ್ ನಂಬರೂ ಹಾಗೆಯೇ. ಓಪನ್‌ಓಸಿಡಿಯಲ್ಲಿ ಜಿಡಿಬಿ ಬಂದು ಸೇರುವುದು 3333ಕ್ಕೆ, ಜೆ-ಲಿಂಕ್ ಪ್ರೋಬಿನ ಸರ್ವರಿನಲ್ಲಿ 2331ಕ್ಕೆ. ಒಂದರ ಪೋರ್ಟು, ಇನ್ನೊಂದರ ಕಮಾಂಡು ಸೇರಿಸಿ ಸ್ವಲ್ಪವೂ ಅನುಮಾನವಿಲ್ಲದೆ ಟೈಪ್ ಮಾಡಿಬಿಡುತ್ತದೆ. ಅದಕ್ಕೇ ನನ್ನ ಫೈಲು ಶುರುವಾಗುವುದು "ಈ ಮೇಜಿನ ಮೇಲಿರುವ ಪ್ರೋಬ್ ಇದು, ಆವೃತ್ತಿ ಇದು, ಪೋರ್ಟ್ ಇದು, ಬೇರೆ ಯಾವುದನ್ನೂ ಊಹಿಸಬೇಡ" ಅಂತ.

ಮಾವ: ಏಜೆಂಟ್ ಅಂದರೆ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದಲ್ವಾ? ಬೋರ್ಡಿಗೆ ಅದು ಹೇಗೆ ಕೈ ಹಾಕ್ತದೆ?

ಸೊಸೆ: ಈಗ ಅದಕ್ಕೆ ಟರ್ಮಿನಲ್ಲನ್ನೇ ಕೊಡುತ್ತೇವೆ. ಡಿಬಗ್ ಪ್ರೋಬ್ ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲಿ. ಅಲ್ಲಿಂದ ಬೋರ್ಡಿಗೆ ಎಸ್‌ಡಬ್ಲ್ಯುಡಿಯ ಎರಡು ತಂತಿ, ಒಂದು ಕ್ಲಾಕು, ಒಂದು ಡೇಟಾ, ಜೊತೆಗೆ ಗ್ರೌಂಡು. ಏಜೆಂಟ್ ಕಮಾಂಡ್ ಕೊಟ್ಟರೆ ಪ್ರೊಸೆಸರ್ ನಿಲ್ಲುತ್ತದೆ. ಏಜೆಂಟೇ ರಿಜಿಸ್ಟರ್ ಓದುತ್ತದೆ, ಕೋಡ್ ತಿದ್ದುತ್ತದೆ, ಮತ್ತೆ ಫ್ಲ್ಯಾಶ್ ಮಾಡಿ ಓಡಿಸಿ ನೋಡುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನುವುದನ್ನು ಹೊರತಂದಿತು. ಯಾವ ಉಪಕರಣವನ್ನಾದರೂ ಏಜೆಂಟಿಗೆ ಪರಿಚಯ ಮಾಡಿಸುವ ಒಂದೇ ಕ್ರಮ ಅದು. ಉಪಕರಣಕ್ಕೆ ಒಂದು ಹೆಸರು, ನಾಲ್ಕಾರು ಸಾಲಿನ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಪಟ್ಟಿ. ಅಷ್ಟನ್ನು ಓದಿಯೇ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಅದು ನಿರ್ಧರಿಸುತ್ತದೆ. ನಾವಾದರೆ ಮ್ಯಾನ್ಯುಯಲ್ ತೆರೆಯದೆ ಗುಂಡಿ ಒತ್ತಿ ನೋಡಿಯೇ ಕಲಿತೇವು. ಅದರ ಪಾಲಿಗೆ ಆ ನಾಲ್ಕು ಸಾಲೇ ಉಪಕರಣ.

ಮಾವ: 8085 ಕಿಟ್ಟಿನಲ್ಲಿ ನಾವು ಹೆಕ್ಸ್ ಕೀಪ್ಯಾಡ್ ಒತ್ತಿ ಒಂದೊಂದೇ ರಿಜಿಸ್ಟರ್ ನೋಡಿದವರು. ಪ್ರೋಗ್ರಾಮು ತಪ್ಪಿದರೆ ಈಪ್ರಾಮ್ ಕಿತ್ತು ಯುವಿ ಇರೇಸರಿನಲ್ಲಿ ಇಡಬೇಕು, ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಪುನಃ ಬರೆದು ಸಾಕೆಟ್ಟಿಗೆ ಕೂರಿಸಬೇಕು. ಆ ಕಾಯುವ ಹೊತ್ತಿನಲ್ಲಿ ತಲೆ ಓಡ್ತಿತ್ತು. ಇದಕ್ಕೆ ಕಾಯುವ ಹೊತ್ತೇ ಇಲ್ಲವಲ್ಲ. ತಪ್ಪು ಮಾಡುವುದಾದರೆ ನಿಮಿಷಕ್ಕೆ ಹತ್ತು ಸಲ ಮಾಡ್ತದೆ. ನನಗೆ ಹೆದರಿಕೆ ಅದು.

ಸೊಸೆ: ಆ ಹೆದರಿಕೆಗೆ ಬರುತ್ತೇನೆ. ಮೊದಮೊದಲು ನಾನು ಕಂಡದ್ದು ಅದರ ಉಲ್ಟಾ. ಎಲ್ಲೋ ಒಂದು ಕಡೆ ಸುಮ್ಮನೆ ನಿಂತುಬಿಡುವುದು. ಜಿಡಿಬಿಯಲ್ಲಿ ಉತ್ತರ ಪರದೆಗಿಂತ ಉದ್ದವಾದರೆ ಕೆಳಗೆ "ಮುಂದಕ್ಕೆ ರಿಟರ್ನ್ ಒತ್ತಿ" ಅಂತ ಬರುತ್ತದಲ್ಲ? ನಮ್ಮ ಬೆರಳು ತಾನೇ ಒತ್ತುತ್ತದೆ. ಏಜೆಂಟು ಉಳಿದ ಉತ್ತರ ಬರಲಿ ಅಂತ ಕಾಯುತ್ತದೆ, ಜಿಡಿಬಿ ಯಾರಾದರೂ ಕೀ ಒತ್ತಲಿ ಅಂತ ಕಾಯುತ್ತದೆ. ಕಂಟಿನ್ಯೂ ಕೊಟ್ಟಾಗಲೂ ಅದೇ ಕತೆ. ಪ್ರೋಗ್ರಾಮು ಓಡುತ್ತಿರುವಷ್ಟು ಹೊತ್ತೂ ಪ್ರಾಂಪ್ಟ್ ತಿರುಗಿ ಬರುವುದಿಲ್ಲ. ಸಾಕು ಅನಿಸಿದಾಗ ನಾವು ಕಂಟ್ರೋಲ್-ಸಿ ಒತ್ತುತ್ತೇವೆ. ಎಷ್ಟು ಹೊತ್ತಿಗೆ ಸಾಕು ಅನಿಸಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದನ್ನು ಬರೆಯಬೇಕಾಗುತ್ತದೆ. ಪೇಜಿನೇಷನ್ ಮೊದಲೇ ಆಫ್ ಮಾಡು. ಇಷ್ಟು ಸೆಕೆಂಡು ಕಾಯಿ. ಬ್ರೇಕ್‌ಪಾಯಿಂಟಿಗೆ ಬಾರದಿದ್ದರೆ ನಿಲ್ಲಿಸಿ, ಪ್ರೋಗ್ರಾಂ ಕೌಂಟರ್ ಎಲ್ಲಿದೆ ನೋಡು. ಜಿಡಿಬಿಗೆ ಯಂತ್ರಗಳಿಗೆಂದೇ ಎಂಐ ಅನ್ನುವ ಇನ್ನೊಂದು ದಾರಿಯಿದೆ. "ಓಡತೊಡಗಿತು" ಅನ್ನುವುದಕ್ಕೆ ಒಂದು ಸಾಲು, "ನಿಂತಿತು, ಇಂಥ ಕಾರಣಕ್ಕೆ" ಅನ್ನುವುದಕ್ಕೆ ಬೇರೆ ಸಾಲು. ಎಡಿಟರುಗಳು ಬಹಳ ಕಾಲದಿಂದ ಆ ದಾರಿಯಲ್ಲೇ ಜಿಡಿಬಿ ಜೊತೆ ಮಾತಾಡುತ್ತಿವೆ. ಏಜೆಂಟಿಗೂ ಅದೇ ಒಳ್ಳೆಯದು.

ಮಾವ: ಮತ್ತೆ ಸೀರಿಯಲ್ ಪೋರ್ಟಿನ ಲಾಗು? ಅದನ್ನೂ ಓದ್ತದಾ?

ಸೊಸೆ: ಓದುತ್ತದೆ, ಓದಿ ಮುಳುಗುತ್ತದೆ. 115200 ಬಾಡ್‌ನಲ್ಲಿ ಸೆಕೆಂಡಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಅಕ್ಷರ ಬರಬಹುದು. ಹತ್ತು ಸೆಕೆಂಡು ಬಿಟ್ಟರೆ ಲಕ್ಷ ದಾಟಿತು. ಏಜೆಂಟಿನ ಗಮನಕ್ಕೆ ಒಂದು ಮಿತಿ ಇದೆ. ಅಷ್ಟನ್ನೂ ಲಾಗೇ ತುಂಬಿಕೊಂಡರೆ ನಾನು ಮೊದಲ ಪುಟದಲ್ಲಿ ಬರೆದ ಎಚ್ಚರಿಕೆಗಳಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಲಾಗ್ ಓದುವ ಉಪಕರಣ ಕೊನೆಯ ಕೆಲವು ಸಾಲು ಮಾತ್ರ ಕೊಡಬೇಕು, ಇನ್ನಷ್ಟು ಬೇಕಾದರೆ ಹೇಗೆ ಕೇಳಬೇಕು ಅಂತ ಹೇಳಬೇಕು. ಇರಲಿ, ಅದು ಸಣ್ಣ ವಿಷಯ. ನಾನು ಇಷ್ಟು ದೂರ ಬಂದದ್ದು ನಿಮ್ಮ ನೋಟ್‌ಬುಕ್ಕಿಗೆ.

ಮಾವ: ಆ ಹಳೇ ಲೆಕ್ಕದ ಪುಸ್ತಕವಾ? ಅದರಲ್ಲಿ ನಿನಗೆ ಆಗುವಂಥದ್ದು ಎಂತ ಉಂಟು? ಎಲ್ಲ ಟೆಂಪರೇಚರ್ ಕಂಟ್ರೋಲರು, ತೂಕದ ಮಷಿನು. ಎಷ್ಟೋ ಐಸಿ ಈಗ ಮಾರ್ಕೆಟ್ಟಿನಲ್ಲೇ ಇಲ್ಲ.

ಸೊಸೆ: ಐಸಿ ಬೇಡ, ಬರೆದ ರೀತಿ ಬೇಕು. ಈ ಪುಟ ನೋಡಿ. ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದೀರಿ. ಮೊದಲನೆಯದರಲ್ಲಿ, "ಡಿಸ್‌ಪ್ಲೇ ಮಿಣುಕುತ್ತದೆ, ಹೀಟರ್ ಆನ್ ಆದಾಗ ಮಾತ್ರ." ಎರಡನೆಯದರಲ್ಲಿ, "7805ರ ಇನ್‌ಪುಟ್ ಅಳೆದೆ, 7 ವೋಲ್ಟಿಗಿಂತ ಕೆಳಗೆ ಇಳಿಯುತ್ತದೆ." ಮೂರನೆಯದರಲ್ಲಿ, "1000 ಮೈಕ್ರೋಫ್ಯಾರಡ್ ಒಣಗಿದೆ." ಕೊನೆಯ ಕಾಲಮ್ಮಿನಲ್ಲಿ ಕೆಂಪು ಶಾಯಿ: "ಮೈಕ್ರೋ ಸರಿ ಉಂಟು, ಮುಟ್ಟಬೇಡ." ಇದನ್ನು ಯಾರು ಹೇಳಿಕೊಟ್ಟರು ನಿಮಗೆ?

ಮಾವ: ಯಾರು ಹೇಳಿಕೊಡುವುದು? ನಾನು ರಜೆಯಲ್ಲಿ ಊರಿಗೆ ಹೋದರೆ ಸೆಕ್ಷನ್ನಿನ ಹುಡುಗರು ಸೀದಾ ಮೈಕ್ರೋಕಂಟ್ರೋಲರನ್ನೇ ಬದಲಿಸಿಬಿಡುತ್ತಿದ್ದರು. ದುಬಾರಿ ಐಸಿ. ಡಿಸೋಲ್ಡರ್ ಮಾಡುವಾಗ ಟ್ರ್ಯಾಕ್ ಎದ್ದುಬಂದು ಬೋರ್ಡೇ ಹೋಗುತ್ತಿತ್ತು. ಅದಕ್ಕೆ ಎಲ್ಲಿ ಕೈ ಹಾಕಬಾರದು ಅಂತ ಬರೆದಿಟ್ಟು ಹೋಗುತ್ತಿದ್ದೆ.

ಸೊಸೆ: ಕಂಪನಿಯ ಮ್ಯಾನ್ಯುಯಲ್ಲುಗಳು ಕಮಾಂಡಿನ ಪ್ರಕಾರ ಜೋಡಿಸಿದವು. ಈ ಕಮಾಂಡ್ ಇದನ್ನು ಮಾಡುತ್ತದೆ, ಆ ಕಮಾಂಡ್ ಅದನ್ನು ಮಾಡುತ್ತದೆ, ಎಲ್ಲ ಸರಿಯಿದ್ದಾಗ. ಆದರೆ ಡಿಬಗರ್ ಹಿಡಿಯುವವನು ಎಲ್ಲ ಸರಿಯಿದ್ದಾಗ ಹಿಡಿಯುವುದೇ ಇಲ್ಲವಲ್ಲ.

ಮಾವ: ಅದು ಸರಿ. ಡಾಕ್ಟರ ಹತ್ತಿರ ಹೋದವನು ಹೊಟ್ಟೆನೋವು ಅಂತಾನೆ. ಅಪೆಂಡಿಕ್ಸ್ ಅಂತ ಹೇಳಿಕೊಂಡು ಬರುವುದಿಲ್ಲ.

ಸೊಸೆ: ಹಾಗೆಯೇ ನನ್ನ ಫೈಲಿನ ಹೆಚ್ಚು ಭಾಗ ಲಕ್ಷಣದಿಂದ ಶುರುವಾಗುತ್ತದೆ. ಒಂದು ಓದುತ್ತೇನೆ, ಕೇಳಿ. ಆರ್ಮ್ ಕಾರ್ಟೆಕ್ಸ್-ಎಂ3 ಚಿಪ್ಪು, ಪ್ರೋಗ್ರಾಮು ಹಾರ್ಡ್‌ಫಾಲ್ಟಿಗೆ ಬಿದ್ದಿದೆ. ಏಜೆಂಟು ಸಾಮಾನ್ಯವಾಗಿ ಮಾಡುವುದೇನು? ಕೋಡ್ ಓದಿ ಎಲ್ಲೋ ಪಾಯಿಂಟರ್ ತಪ್ಪಿರಬೇಕು ಅಂತ ಊಹಿಸಿ ತಿದ್ದತೊಡಗುತ್ತದೆ. ಫೈಲು ಹೇಳುತ್ತದೆ: ಕೋಡ್ ಮುಟ್ಟುವ ಮೊದಲು ಫಾಲ್ಟ್ ಸ್ಟೇಟಸ್ ರಿಜಿಸ್ಟರ್ ಓದು. ಹೆಕ್ಸ್‌ನಲ್ಲಿ 8200 ಅಂತ ಬಂದರೆ, ದೋಷ ನಡೆದ ವಿಳಾಸ ಬಸ್ ಫಾಲ್ಟ್ ಅಡ್ರೆಸ್ ರಿಜಿಸ್ಟರಿನಲ್ಲಿ ಸಿಗುತ್ತದೆ. ಸ್ಟ್ಯಾಕಿನಲ್ಲಿ ಉಳಿದಿರುವ ಪ್ರೋಗ್ರಾಂ ಕೌಂಟರ್ ತೋರಿಸುವ ಸಾಲೇ ತಪ್ಪಿತಸ್ಥ. 400 ಅಂತ ಬಂದರೆ ಎರಡನ್ನೂ ನಂಬಬೇಡ. ಅದು ತಡವಾಗಿ ಬಂದ ಸುದ್ದಿ. ಬರೆಯುವ ಆಜ್ಞೆ ಬಫರಿನಲ್ಲಿ ಕೂತು, ಪ್ರೊಸೆಸರ್ ಮುಂದೆ ಹೋದ ಮೇಲೆ ಫಾಲ್ಟ್ ಎದ್ದಿದೆ. ಕೌಂಟರ್ ತೋರಿಸುವ ಸಾಲು ನಿರಪರಾಧಿ, ಅದನ್ನು ತಿದ್ದಬೇಡ, ಕೆಲವು ಆಜ್ಞೆ ಹಿಂದಕ್ಕೆ ಹೋಗಿ ಹುಡುಕು.

ಮಾವ: ಅದೇ ಕೆಂಪು ಶಾಯಿ!

ಸೊಸೆ: ಅದೇ. "ಮುಟ್ಟಬೇಡ" ಅನ್ನುವ ಕಾಲಂ ಸೇರಿಸಿದ ಮೇಲೆ ಸರಿಯಿದ್ದ ಕೋಡನ್ನು ತಿದ್ದಿ ಕೆಡಿಸುವುದು ಬಹಳ ಕಡಿಮೆಯಾಯಿತು.

ಮಾವ: ಒಂದು ಕೇಳ್ತೇನೆ. ನಮ್ಮ ಲ್ಯಾಮಿಂಗ್ಟನ್ ರಸ್ತೆಯಲ್ಲಿ ತಂದ ಮಾಲಿಗೆ ಇದು ಎಂತ ಮಾಡ್ತದೆ? ಅಲ್ಲಿ ಒಂದೇ ಹೆಸರಿನಲ್ಲಿ ಅಸಲಿಯೂ ಬರ್ತದೆ, ನಕಲಿಯೂ ಬರ್ತದೆ.

ಸೊಸೆ: ಗ್ರ್ಯಾಂಟ್ ರೋಡಿನಲ್ಲಿ ಇಳಿದು ಆ ರಸ್ತೆಗೆ ಹೋಗದ ಎಂಜಿನಿಯರಿಂಗ್ ವಿದ್ಯಾರ್ಥಿ ಈ ಊರಲ್ಲಿ ಯಾರಿದ್ದಾರೆ ಹೇಳಿ. ರಸ್ತೆಯ ನಾಮಫಲಕದ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತಿದ್ದರೂ ಎಲ್ಲರ ಬಾಯಲ್ಲೂ ಲ್ಯಾಮಿಂಗ್ಟನ್ನೇ. ಅಲ್ಲಿ ಸಿಗುವ ನೀಲಿ ಬಣ್ಣದ ಸಣ್ಣ ಬೋರ್ಡು, ಬ್ಲೂ ಪಿಲ್, ನಿಮಗೆ ಗೊತ್ತಿರುವುದೇ. ಎಸ್‌ಟಿಎಂ32ಎಫ್103, 72 ಮೆಗಾಹರ್ಟ್ಸ್. ಇಂಥ ಬೋರ್ಡುಗಳಲ್ಲಿ ಎಷ್ಟೋ ಸಲ ಅಸಲಿ ಚಿಪ್ಪಿನ ಬದಲು ತದ್ರೂಪು ಕೂತಿರುತ್ತದೆ. ಅಸಲಿ ಚಿಪ್ಪಿನ ಡಿಬಗ್ ಗುರುತಿನ ಸಂಖ್ಯೆ 1ರಿಂದ ಶುರುವಾಗುತ್ತದೆ, ಕೆಲವು ತದ್ರೂಪುಗಳಲ್ಲಿ 2ರಿಂದ. ಉಳಿದ ಅಂಕೆಯೆಲ್ಲ ಒಂದೇ. ಓಪನ್‌ಓಸಿಡಿ ಅದನ್ನು ಕಂಡ ಕೂಡಲೇ ಅನಿರೀಕ್ಷಿತ ಗುರುತು ಅಂತ ದೂರು ಹೇಳುತ್ತದೆ. ಮನುಷ್ಯನಾದರೆ "ಓ, ನಕಲಿ" ಅಂತ ಕಾನ್ಫಿಗ್ ಫೈಲಿನಲ್ಲಿ ಒಂದು ಅಂಕೆ ಬದಲಿಸುತ್ತಾನೆ. ಏಜೆಂಟು ತಂತಿ ಸಡಿಲ ಇರಬಹುದು, ವೇಗ ಹೆಚ್ಚಾಗಿರಬಹುದು, ಡ್ರೈವರ್ ಹಳೆಯದಿರಬಹುದು ಅಂತ ಲೋಕವೆಲ್ಲ ಸುತ್ತುತ್ತದೆ. ಒಂದು ಸಾಲು ಬರೆದಿಟ್ಟರೆ ಸುತ್ತಾಟ ತಪ್ಪುತ್ತದೆ: "ಮೊದಲಂಕೆ 2 ಆಗಿದ್ದು ಉಳಿದದ್ದು ಸರಿಯಿದ್ದರೆ ತಂತಿ ಸರಿಯಿದೆ, ಚಿಪ್ಪು ಬೇರೆ. ಮುಂದುವರಿಯಬೇಕೇ ಎಂದು ಬಳಕೆದಾರರನ್ನು ಕೇಳು."

ಮಾವ: ಕೇಳು ಅಂತ ಯಾಕೆ? ಗೊತ್ತಾಯಿತಲ್ಲ.

ಸೊಸೆ: ಮನೆಯಲ್ಲಿ ಕಲಿಯುವ ಹುಡುಗನಿಗೆ ನಕಲಿಯಾದರೂ ನಡೆಯುತ್ತದೆ. ಗಿರಾಕಿಗೆ ಕಳಿಸುವ ಮಾಲಿನಲ್ಲಿ ನಕಲಿ ಚಿಪ್ಪು ಕೂತಿದ್ದರೆ ಅದನ್ನು ಪರ್ಚೇಸಿನವರಿಗೆ ತಿಳಿಸಬೇಕು. ಎಲ್ಲಿಗೆ ಹೋಗುವ ಬೋರ್ಡು ಅಂತ ಏಜೆಂಟಿಗೆ ಕಾಣುವುದಿಲ್ಲ.

ಮಾವ: ಬೋರ್ಡೇ ಕಾಣುವುದಿಲ್ಲ ಅಂತ ಹೇಳು. ನಾನು ಮೊದಲು ಮಾಡುವ ಕೆಲಸ ಮೂಸಿ ನೋಡುವುದು. ಟ್ರಾನ್ಸ್‌ಫಾರ್ಮರಿನ ವಾರ್ನಿಷ್ ಸುಟ್ಟ ವಾಸನೆ ಬೇರೆ, ರೆಸಿಸ್ಟರ್ ಸುಟ್ಟದ್ದು ಬೇರೆ. ಆಮೇಲೆ ರೆಗ್ಯುಲೇಟರಿನ ಮೇಲೆ ಬೆರಳು. ಬೆರಳು ಇಡಲಿಕ್ಕೆ ಆಗದಷ್ಟು ಬಿಸಿಯಾದರೆ ಮುಂದೆ ಎಲ್ಲೋ ಶಾರ್ಟ್ ಉಂಟು. ಇಷ್ಟು ಗೊತ್ತಾದ ಮೇಲೆ ಮೀಟರು. ಇದರ ಹತ್ತಿರ ಮೂಗೂ ಇಲ್ಲ, ಬೆರಳೂ ಇಲ್ಲ.

ಸೊಸೆ: ಇಡೀ ಕೆಲಸದಲ್ಲಿ ಕಷ್ಟದ ಜಾಗ ಅದು ಮಾವ. ಇಲ್ಲಿಯ ತನಕ ಬಂದ ಹೆಚ್ಚಿನ ಮ್ಯಾನ್ಯುಯಲ್ಲುಗಳು ಓದುಗ ಬೋರ್ಡಿನ ಎದುರು ಕೂತಿದ್ದಾನೆ ಅಂತ ನಂಬಿಕೊಂಡು ಬರೆದವು. ಕೇಬಲ್ ಚುಚ್ಚಿದೆಯಾ, ಪವರ್ ಲೈಟ್ ಉರಿಯುತ್ತಿದೆಯಾ ಅಂತ ಹೆಚ್ಚಿನವರು ಬರೆಯಲಿಲ್ಲ, ಕಣ್ಣಿಗೆ ಕಾಣುತ್ತದಲ್ಲ ಅಂತ. ಏಜೆಂಟಿಗೆ ಕಾಣುವುದು ಪರದೆಯ ಮೇಲಿನ ಅಕ್ಷರ ಮಾತ್ರ, ಆ ಅಕ್ಷರವೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಎಸ್‌ಟಿ-ಲಿಂಕ್ ಪ್ರೋಬ್ ಬೋರ್ಡಿನ ವೋಲ್ಟೇಜ್ ಎಷ್ಟು ಅಂತ ತೋರಿಸುತ್ತದೆ. ಆದರೆ ಪೆನ್‌ಡ್ರೈವ್‌ನಷ್ಟು ಸಣ್ಣ ಅಗ್ಗದ ನಕಲು ಡಾಂಗಲ್ಲುಗಳಲ್ಲಿ ಬೋರ್ಡಿನ ವೋಲ್ಟೇಜ್ ಅಳೆಯುವ ಪಿನ್ನೇ ಹೊರಗೆ ಬಂದಿರುವುದಿಲ್ಲ. ಪರದೆಯಲ್ಲಿ 3.2 ಅಂತ ಬಂದರೂ ಅದು ಡಾಂಗಲ್ಲಿನದೇ ಒಳಗಿನ ವೋಲ್ಟೇಜ್. ಬೋರ್ಡಿನಲ್ಲಿ ಸಪ್ಲೈ ಸತ್ತಿರಬಹುದು. ಅದನ್ನು ನಂಬಿದ ಏಜೆಂಟು "ಪವರ್ ಸರಿಯಿದೆ" ಅಂತ ತೀರ್ಮಾನಿಸಿ ಸಾಫ್ಟ್‌ವೇರಿನಲ್ಲಿ ಹುಡುಕುತ್ತಾ ಕೂರುತ್ತದೆ.

ಮಾವ: ಹಾಗಾದರೆ ಎಂತ ಬರೀತಿ?

ಸೊಸೆ: ಮನುಷ್ಯನನ್ನು ಕೇಳಬೇಕಾದ ಪ್ರಶ್ನೆಗಳು ಅಂತ ಒಂದು ಭಾಗ. ಇಂಥ ಎರರ್ ಬಂದರೆ ಇಂಥ ಪ್ರಶ್ನೆ ಕೇಳು, ಒಂದು ಸಲಕ್ಕೆ ಒಂದೇ, ಹೌದು ಅಲ್ಲ ಅಂತ ಇಲ್ಲವೇ ಒಂದು ಅಂಕೆಯಲ್ಲಿ ಉತ್ತರ ಕೊಡಬಹುದಾದದ್ದು. ಹಸಿರು ಎಲ್‌ಇಡಿ ಉರಿಯುತ್ತಿದೆಯೇ? ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿಯಿದೆಯೇ? ಮೀಟರಿನಲ್ಲಿ 3.3 ವೋಲ್ಟ್ ಪಿನ್ ಎಷ್ಟು ತೋರಿಸುತ್ತದೆ? ನಿಮ್ಮ ಮೂಗಿನ ಪ್ರಶ್ನೆಯನ್ನೂ ಸೇರಿಸುತ್ತೇನೆ.

ಮಾವ: ಸೇರಿಸು. ಮತ್ತೆ ನನ್ನ ಹೆದರಿಕೆಗೆ ಬರ್ತೇನೆ ಅಂದಿದ್ದೆಯಲ್ಲ.

ಸೊಸೆ: ಈ ಪುಸ್ತಕದ ಕಂಟ್ರೋಲರನ್ನೇ ತೆಗೆದುಕೊಳ್ಳಿ. ಹೊಸ ಮಾಡೆಲ್ಲಿನಲ್ಲಿ ಕ್ಯಾಲಿಬ್ರೇಷನ್ ಎಲ್ಲಿ ಇಡುತ್ತಾರೆ?

ಮಾವ: ಮೊದಲು ಪ್ರೀಸೆಟ್ ತಿರುಗಿಸಿ ಮೇಲೆ ಲ್ಯಾಕರ್ ಹಚ್ಚುತ್ತಿದ್ದೆವು. ಈಗ ಎಲ್ಲ ಫ್ಲ್ಯಾಶಿನ ಒಂದು ಮೂಲೆಯಲ್ಲಿ.

ಸೊಸೆ: ಚಿಪ್ಪಿಗೆ ರೀಡ್ ಪ್ರೊಟೆಕ್ಷನ್ ಹಾಕಿದೆ ಅಂತಿಟ್ಟುಕೊಳ್ಳಿ. ಏಜೆಂಟು ಫ್ಲ್ಯಾಶ್ ಓದಲು ಹೋಗುತ್ತದೆ, ಆಗುವುದಿಲ್ಲ. ಅನ್‌ಲಾಕ್ ಅಂತ ಒಂದು ಕಮಾಂಡ್ ಇದೆ ಅಂತ ಅದಕ್ಕೆ ಗೊತ್ತು. ಹೆಸರು ನೋಡಿದರೆ ಬೀಗ ತೆಗೆದಂತೆ, ನಿರುಪದ್ರವಿ. ಎಸ್‌ಟಿಎಂ32ಎಫ್1ರಲ್ಲಿ ಆ ಬೀಗ ತೆಗೆದರೆ ಚಿಪ್ಪು ಮೊದಲು ತನ್ನ ಇಡೀ ಫ್ಲ್ಯಾಶನ್ನು ಅಳಿಸಿಕೊಳ್ಳುತ್ತದೆ. ಪ್ರೋಗ್ರಾಮಿನ ಪ್ರತಿ ಆಫೀಸಿನಲ್ಲಿ ಇರುತ್ತದೆ, ಆ ಒಂದು ಯೂನಿಟ್ಟಿನ ಕ್ಯಾಲಿಬ್ರೇಷನ್ನಿಗೆ ಪ್ರತಿ ಎಲ್ಲಿಂದ ತರುವುದು? ಬೇರೆ ಕೆಲವು ಎಸ್‌ಟಿಎಂ32 ಚಿಪ್ಪುಗಳಲ್ಲಿ ಲೆವೆಲ್ 2 ಅನ್ನುವ ರಕ್ಷಣೆ ಇದೆ. ಅದನ್ನು ಒಮ್ಮೆ ಹಾಕಿದರೆ ಡಿಬಗ್ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗುತ್ತದೆ, ತಯಾರಕರ ಕೈಯಲ್ಲೂ ತೆರೆಯಲಾಗದಂತೆ. ಒಂದು ಬೈಟ್ ಬರೆದರೆ ಮುಗಿಯಿತು.

ಮಾವ: ಇದೆಲ್ಲ "ಮಾಡಬೇಡ" ಅಂತ ಬರೆದರೆ ಸಾಕಾಗ್ತದಾ? ಹುಡುಗರಿಗೆ ಬರೆದಿಟ್ಟರೂ ಒಮ್ಮೊಮ್ಮೆ ಮಾಡ್ತಿದ್ದರು.

ಸೊಸೆ: ಸಾಕಾಗುವುದಿಲ್ಲ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲಿನಲ್ಲಿ ಪ್ರತಿ ಉಪಕರಣಕ್ಕೆ ಇದು ಓದುವುದಷ್ಟೇ, ಇದು ನಾಶ ಮಾಡಬಲ್ಲದ್ದು ಅಂತ ಗುರುತು ಹಾಕಬಹುದು. ಅದು ಸೂಚನೆ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ, ಹಿಂದಕ್ಕೆ ತರಲಾಗದ ಕೆಲಸಗಳನ್ನು ಏಜೆಂಟಿನ ಉಪಕರಣದ ಪಟ್ಟಿಗೇ ಸೇರಿಸಬಾರದು. ಅಳಿಸುವುದು, ಬೀಗ ಹಾಕುವುದು, ತೆಗೆಯುವುದು, ಮೂರನ್ನೂ ಮನುಷ್ಯ ತನ್ನ ಕೈಯಿಂದ ಟೈಪ್ ಮಾಡಲಿ. ಫೈಲಿನಲ್ಲಿ "ಇದು ನಿನಗೆ ಕೊಟ್ಟಿಲ್ಲ, ಈ ಕಾರಣಕ್ಕೆ ಕೊಟ್ಟಿಲ್ಲ, ಬೇಕಾದರೆ ಹೀಗೆ ಕೇಳು" ಅಂತ ಬರೆಯಬೇಕು. ಕಾರಣ ಬರೆಯದಿದ್ದರೆ ಅದು ಬೇರೆ ದಾರಿ ಹುಡುಕುತ್ತದೆ. ಮೆಮೊರಿಗೆ ನೇರ ಬರೆಯುವ ಉಪಕರಣ ಕೈಯಲ್ಲಿದ್ದರೆ ಫ್ಲ್ಯಾಶ್ ಕಂಟ್ರೋಲರಿನ ರಿಜಿಸ್ಟರಿಗೇ ಬರೆದು ಅಳಿಸಿಬಿಡಬಲ್ಲದು.

ಮಾವ: ನೀನು ಅಳಿಸುವುದನ್ನೇ ದೊಡ್ಡದು ಮಾಡ್ತೀ. ನಿಲ್ಲಿಸುವುದು ಅದಕ್ಕಿಂತ ದೊಡ್ಡದು.

ಸೊಸೆ: ನಿಲ್ಲಿಸುವುದೆಂದರೆ, ಬ್ರೇಕ್‌ಪಾಯಿಂಟಾ?

ಮಾವ: ಹೌದು. ಹೀಟರಿನ ರಿಲೇ ಆನ್ ಆಗಿರುವ ಹೊತ್ತಿಗೆ ಪ್ರೊಸೆಸರ್ ನಿಂತಿತು ಅಂತಿಟ್ಟುಕೋ. ಪಿನ್ ಹೈ ಇದ್ದದ್ದು ಹೈ ಆಗಿಯೇ ಇರ್ತದೆ. ಟೆಂಪರೇಚರ್ ಓದುವವರಿಲ್ಲ, ಆಫ್ ಮಾಡುವವರಿಲ್ಲ. ಫರ್ನೇಸ್ ಕಾಯ್ತಾ ಹೋಗ್ತದೆ. ನಿನ್ನ ಏಜೆಂಟು ಪರದೆಯಲ್ಲಿ ರಿಜಿಸ್ಟರ್ ಓದಿಕೊಂಡು ಎಲ್ಲ ಸ್ಥಿರವಾಗಿದೆ ಅಂತ ಬರೀತದೆ.

ಸೊಸೆ: ವಾಚ್‌ಡಾಗ್ ಇದ್ದರೆ ರಿಸೆಟ್ ಮಾಡುತ್ತದೆ ಅಂತ ಹೇಳಬಹುದಿತ್ತು. ಆದರೆ ಡಿಬಗ್ ಮಾಡುವಾಗ ಅದು ನಡುವೆ ಬಂದು ಕಾಟ ಕೊಡಬಾರದು ಅಂತ ವಾಚ್‌ಡಾಗನ್ನೂ ನಿಲ್ಲಿಸುವ ಬಿಟ್ ಇದೆ. ಅದನ್ನು ಆನ್ ಮಾಡಿಟ್ಟುಕೊಳ್ಳಿ ಅಂತ ಹಲವರು ಬರೆದಿರುತ್ತಾರೆ, ಏಜೆಂಟು ಓದಿಕೊಂಡಿರುತ್ತದೆ. ಹಾಗಾದರೆ ಕಾಯುವವರು ಯಾರೂ ಇಲ್ಲ.

ಮಾವ: ನಾವು ಟೆಸ್ಟ್ ಬೆಂಚಿನಲ್ಲಿ ಹೀಟರ್ ಹಾಕುತ್ತಲೇ ಇರಲಿಲ್ಲ. ಹೀಟರಿನ ಜಾಗಕ್ಕೆ 100 ವಾಟ್ ಬಲ್ಬು. ರಿಲೇ ಆನ್ ಆದರೆ ಉರೀತದೆ, ಕಣ್ಣಿಗೂ ಕಾಣ್ತದೆ, ಎಷ್ಟು ಹೊತ್ತು ಉರಿದರೂ ಅಪಾಯವಿಲ್ಲ. ಅದನ್ನು ಬರೆ. ಲೋಡ್ ತೆಗೆದು ಬಲ್ಬ್ ಹಾಕಿದ್ದಾರೆ ಅಂತ ಖಾತ್ರಿಯಾಗದೆ ಪ್ರೊಸೆಸರ್ ನಿಲ್ಲಿಸಬಾರದು. ಮೋಟರಿದ್ದರೂ ಹಾಗೆಯೇ.

ಸೊಸೆ: ನಿಲ್ಲಿಸದೆ ನೋಡುವ ದಾರಿಗಳೂ ಇವೆ. ಸೆಗ್ಗರ್‌ನವರ ಆರ್‌ಟಿಟಿ ಪ್ರೊಸೆಸರ್ ಓಡುತ್ತಿರುವಾಗಲೇ ಮೆಮೊರಿಯ ಒಂದು ಬಫರಿನಿಂದ ಲಾಗ್ ಎತ್ತಿಕೊಳ್ಳುತ್ತದೆ. ಲೋಡ್ ಇರುವ ಬೋರ್ಡಿಗೆ ಮೊದಲು ಅದು, ಬ್ರೇಕ್‌ಪಾಯಿಂಟ್ ಆಮೇಲೆ ಅಂತ ಬರೆಯುತ್ತೇನೆ.

ಮಾವ: ಈ ಎಸ್‌ಟಿಎಂ, ಆರ್ಮ್ ಎಲ್ಲ ಜಗತ್ತೇ ಬಳಸುವಂಥದ್ದು. ಏಜೆಂಟು ಎಲ್ಲೋ ಓದಿರ್ತದೆ. ನಿಮ್ಮ ಪವಾಯಿಯಲ್ಲೇ ಮಾಡಿದ ಪ್ರೊಸೆಸರ್ ಉಂಟಲ್ಲ, ಪೇಪರಿನಲ್ಲಿ ಬಂದಿತ್ತು.

ಸೊಸೆ: ಅಜಿತ್. ಐಐಟಿ ಬಾಂಬೆಯಲ್ಲಿ ಪ್ರೊ. ಮಾಧವ ದೇಸಾಯಿ ಅವರ ತಂಡ ಮಾಡಿದ್ದು, 2019ರಲ್ಲಿ ಸುದ್ದಿಯಾಯಿತು. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೋಮೀಟರಿನಲ್ಲಿ ತಯಾರಾಯಿತು. ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ ಮಾವ. ಅದು ಸ್ಪಾರ್ಕ್ ವಿ8 ಜಾತಿಯದು. ಸ್ಪಾರ್ಕ್‌ನಲ್ಲಿ ದೊಡ್ಡ ಬೈಟ್ ಮೊದಲು. ಮೆಮೊರಿಯಲ್ಲಿ 12, 34, 56, 78 ಅಂತ ಬೈಟುಗಳು ಸಾಲಾಗಿ ಕಂಡರೆ ಆ ಸಂಖ್ಯೆ 12345678. ಎಸ್‌ಟಿಎಂ32ರ ಅಭ್ಯಾಸದಲ್ಲಿ ಓದುವವನು 78563412 ಅನ್ನುತ್ತಾನೆ. ಏಜೆಂಟು ಓದಿರುವ ಉದಾಹರಣೆಗಳಲ್ಲಿ ಆರ್ಮ್ ರಾಶಿರಾಶಿ. ನಮ್ಮಲ್ಲಿ ಆದ ಪ್ರೊಸೆಸರಿನ ಬಗ್ಗೆ ಬರೆದದ್ದು ಅದರ ಪಕ್ಕದಲ್ಲಿ ಬೆರಳೆಣಿಕೆ. ಬರೆಯದೆ ಬಿಟ್ಟಲ್ಲೆಲ್ಲ ಅದು ಆರ್ಮ್ ಅಂತಲೇ ತಿಳಿದು ತುಂಬಿಕೊಳ್ಳುತ್ತದೆ. ರಿಜಿಸ್ಟರ್ ವಿಂಡೋ ಅನ್ನುವುದು ಸ್ಪಾರ್ಕಿನ ವೈಶಿಷ್ಟ್ಯ. ಫಂಕ್ಷನ್ನಿಗೆ ಹೋದಾಗ ರಿಜಿಸ್ಟರುಗಳ ಗುಂಪೇ ಸರಿಯುತ್ತದೆ. ಆರ್ಮ್‌ನಲ್ಲಿ ಅಂಥದ್ದಿಲ್ಲ. ದೇಶೀ ಚಿಪ್ಪು ಮಾಡುವವರು ಚಿಪ್ಪಿನ ಜೊತೆಗೇ ಇಂಥ ಬರಹವನ್ನೂ ಮಾಡಬೇಕು. ಇಲ್ಲದಿದ್ದರೆ ಮುಂದಿನ ಹುಡುಗರು ಏಜೆಂಟ್ ಚೆನ್ನಾಗಿ ಬಲ್ಲ ಚಿಪ್ಪನ್ನೇ ಆರಿಸಿಕೊಳ್ಳುತ್ತಾರೆ.

ಮಾವ: ನೀನು ಬರೆದದ್ದು ಸರಿ ಉಂಟು ಅಂತ ಹೇಗೆ ಗೊತ್ತಾಗುವುದು? ಬರೆದವನಿಗೆ ತನ್ನದೆಲ್ಲ ಸರಿಯಾಗಿಯೇ ಕಾಣ್ತದೆ.

ಸೊಸೆ: ಅದನ್ನೂ ಪವಾಯಿಯಿಂದಲೇ ಕಲಿತೆ. ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ. ಪ್ರೊ. ಕಣ್ಣನ್ ಮೌದ್ಗಲ್ಯ ಅವರು ಶುರು ಮಾಡಿದ್ದು. ಅಲ್ಲಿ ರೆಕಾರ್ಡಿಂಗಿಗೆ ಮೊದಲು ಸ್ಕ್ರಿಪ್ಟ್ ಬರೆಯುತ್ತಾರೆ, ಎರಡು ಕಾಲಂ. ಒಂದರಲ್ಲಿ ಪರದೆಯಲ್ಲಿ ಕಾಣಬೇಕಾದದ್ದು, ಇನ್ನೊಂದರಲ್ಲಿ ಹೇಳಬೇಕಾದದ್ದು. ಆಮೇಲೆ ಆ ವಿಷಯ ಗೊತ್ತಿಲ್ಲದ ಹೊಸಬರ ಕೈಗೆ ಕೊಟ್ಟು ಅದರಂತೆ ಮಾಡಿಸಿ ನೋಡುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ. ಹಿಂದಿನ ಮಾತುಕತೆಯ ನೆನಪಿಲ್ಲದ ಹೊಸ ಏಜೆಂಟಿಗೆ ಫೈಲು ಕೊಡುವುದು, ಬೋರ್ಡನ್ನು ಬೇಕೆಂದೇ ಕೆಡಿಸುವುದು. ಡೇಟಾ ತಂತಿ ಕಿತ್ತಿಡು, ಸಪ್ಲೈ ಆಫ್ ಮಾಡು, ಇನ್ನೊಂದು ಪ್ರೋಗ್ರಾಂ 3333 ಪೋರ್ಟನ್ನು ಹಿಡಿದುಕೊಂಡಿರಲಿ. ಎಲ್ಲಿ ಅದು ಊಹೆ ಮಾಡಿತೋ ಅಲ್ಲಿ ನನ್ನ ಬರಹದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ. ಆಮೇಲೆ ಅದೇ ಫೈಲನ್ನು ಈ ವರ್ಷ ಸೇರಿದ ಟ್ರೈನಿಗೆ ಕೊಡುತ್ತೇನೆ. ಟ್ರೈನಿ ಎಡವುವ ಜಾಗವೂ ಏಜೆಂಟು ಎಡವುವ ಜಾಗವೂ ಹೆಚ್ಚುಕಡಿಮೆ ಒಂದೇ.

ಮಾವ: ಹಾಗಾದರೆ ಇದು ಯಂತ್ರಕ್ಕೆ ಮಾತ್ರ ಬರೆದದ್ದಲ್ಲ.

ಸೊಸೆ: ಯಂತ್ರಕ್ಕೆ ಅಂತ ಹೇಳಿದ್ದಕ್ಕೆ ಕಂಪನಿಯಲ್ಲಿ ಬರೆಯಲು ಸಮಯ ಸಿಕ್ಕಿತು. ಟ್ರೈನಿಗಳಿಗೆ ಅಂದಿದ್ದರೆ ಸಿಗುತ್ತಿರಲಿಲ್ಲ. ಅದು ಬೇಸರದ ಮಾತು, ಆದರೆ ನಿಜ.

ಮಾವ: ಸಿಕ್ಕಿತಲ್ಲ, ಬರೆ. ಈಗ ಒಂದು ಹೇಳ್ತೇನೆ, ಸರಿಯಾಗಿ ಕೇಳು. ಇಷ್ಟು ಹೊತ್ತು ನೀನು ಹೇಳಿದ್ದರಲ್ಲಿ ಒಂದು ಬರಲೇ ಇಲ್ಲ. ಗಿರಾಕಿ ತಂದ ಬೋರ್ಡು, ಸಪ್ಲೈ ಹೇಗೆ ಉಂಟು ಅಂತ ನೋಡಿದ್ದೀಯಾ? ಅಗ್ಗದ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. 230 ವೋಲ್ಟನ್ನು ಒಂದು ಕೆಪಾಸಿಟರಿನಲ್ಲಿ ಇಳಿಸಿ ಝೀನರ್ ಹಾಕಿ ಮುಗಿಸ್ತಾರೆ. ಕರೆಂಟಿನ ಮೀಟರಿನ ಬೋರ್ಡಿನಲ್ಲೂ ಗ್ರೌಂಡ್ ಮೇನ್ಸಿಗೇ ಸೇರಿರ್ತದೆ. ನೀನು ಗ್ರೌಂಡು ಅಂತ ತಿಳಿದು ಪ್ರೋಬಿನ ತಂತಿ ಚುಚ್ಚುವ ಜಾಗದಲ್ಲಿ ಫೇಸ್ ಇರಬಹುದು. ಪ್ರೋಬಿನಿಂದ ಯುಎಸ್‌ಬಿ, ಯುಎಸ್‌ಬಿಯಿಂದ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನ ಮೇಲೆ ನಿನ್ನ ಕೈ.

ಸೊಸೆ: ನಮ್ಮ ಬೋರ್ಡುಗಳೆಲ್ಲ 5 ವೋಲ್ಟ್ ಅಡಾಪ್ಟರಿನವು...

ಮಾವ: ನಿಮ್ಮವು. ಫೈಲು ನಿಮ್ಮ ಆಫೀಸಿನಲ್ಲೇ ಉಳೀತದಾ? ನಾಳೆ ಯಾವನೋ ಹುಡುಗ ಕಲ್ವಾದಲ್ಲಿ ಕೂತು ಫ್ಯಾನ್ ರೆಗ್ಯುಲೇಟರಿನ ಬೋರ್ಡಿಗೆ ಅದನ್ನೇ ಹಾಕ್ತಾನೆ. ಏಜೆಂಟು ಅವನಿಗೆ ಬಹಳ ಮರ್ಯಾದೆಯಿಂದ "ಪ್ರೋಬಿನ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಜೋಡಿಸಿ" ಅಂತ ಹೇಳ್ತದೆ. ಅವನು ಜೋಡಿಸ್ತಾನೆ. ಚಿಪ್ಪು ಹೋದರೆ ಇನ್ನೊಂದು ಚಿಪ್ಪು ತರಬಹುದು. ಆ ಸಾಲು ಎಲ್ಲಕ್ಕಿಂತ ಮೇಲೆ ಬರಬೇಕು. ಆವೃತ್ತಿ, ಪೋರ್ಟು ಎಲ್ಲ ಅದರ ಕೆಳಗೆ.

ಸೊಸೆ: ಹೇಳಿ, ಈಗಲೇ ಬರೆಯುತ್ತೇನೆ.

ಮಾವ: ಪ್ರೋಬ್ ಜೋಡಿಸಲು ಯಾರಿಗೂ ಹೇಳುವ ಮೊದಲು ಕೇಳು: ಬೋರ್ಡು ಮೇನ್ಸಿನಿಂದ ಓಡುತ್ತದೆಯೇ? ಹೌದು ಅಥವಾ ಗೊತ್ತಿಲ್ಲ ಅಂತ ಉತ್ತರ ಬಂದರೆ ಮೇನ್ಸ್ ಪ್ಲಗ್ ತೆಗೆಸು, ಬೋರ್ಡಿಗೆ ಬೆಂಚ್ ಸಪ್ಲೈಯಿಂದ 3.3 ವೋಲ್ಟ್ ಕೊಡಿಸು. ಮೇನ್ಸ್ ಬೇಕೇ ಬೇಕು ಅನ್ನುವವರಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಂದೆ ಹೋಗಲಾಗದು ಅಂತ ಹೇಳಿ ನಿಲ್ಲು. ಇಷ್ಟು.

ಸೊಸೆ: ಬರೆದೆ. ಈ ನೋಟ್‌ಬುಕ್ಕನ್ನು ಸ್ಕ್ಯಾನ್ ಮಾಡಲು ತೆಗೆದುಕೊಂಡು ಹೋಗಲಾ?

ಮಾವ: ತೆಕ್ಕೊಂಡು ಹೋಗು. ಆದರೆ ನನ್ನದೊಂದೇ ಸಾಲದು. ಲ್ಯಾಮಿಂಗ್ಟನ್ ರಸ್ತೆಯ ಮಾಳಿಗೆಗಳಲ್ಲಿ, ಸಾಕಿನಾಕಾದಲ್ಲಿ, ಸೀಪ್ಜ್‌ನಿಂದ ನಿವೃತ್ತರಾಗಿ ಕಲ್ಯಾಣ, ವಸಾಯಿ ಕಡೆ ಮನೆ ಮಾಡಿದವರಲ್ಲಿ ನನ್ನಂಥವರು ಇನ್ನೂ ಇದ್ದಾರೆ. ಎಲ್ಲರೂ ಬರೆದಿಟ್ಟವರಲ್ಲ. ನೀವು ಹುಡುಗರು ರಜೆಯ ದಿನ ಅವರ ಮನೆಗೆ ಹೋಗಿ ಕೂತುಕೊಳ್ಳಿ. ಯಾವ ಬೋರ್ಡು ಸುಟ್ಟಿತು, ಯಾಕೆ ಸುಟ್ಟಿತು, ಯಾವುದನ್ನು ಮುಟ್ಟಬಾರದಿತ್ತು ಅಂತ ಕೇಳಿ. ಹೇಳ್ತಾರೆ. ಬರೆದುಕೊಳ್ಳಿ.